ಹೋಲ್ಡ್‌ನಲ್ಲಿಟ್ಟ ಒಂಬತ್ತು ಪ್ರಶ್ನೆಗಳು

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಆಸ್ಪತ್ರೆಯ ಟೆಲಿಫೋನ್ ಕೋಣೆಯ ಬಾಗಿಲಿಗೆ ನೋಟಿಸು ಅಂಟಿಸಿದರು. ಮುಂದಿನ ತಿಂಗಳ ಮೂವತ್ತರವರೆಗೆ ಮಾತ್ರ ಆ ಕೋಣೆ ಇರುತ್ತದೆ. ಆಮೇಲೆ ಹೊರಗಿನ ಕರೆಗಳು ಕಂಪ್ಯೂಟರಿನ ಮೂಲಕ ತಾವಾಗಿಯೇ ವಾರ್ಡುಗಳಿಗೆ ಹೋಗುತ್ತವೆ. ಮೂವರು ಆಪರೇಟರುಗಳಲ್ಲಿ ಮೂವತ್ತರೊಳಗೆ ನೆಟ್‌ವರ್ಕಿಂಗ್ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ತಂದವರನ್ನು ನೆಲಮಹಡಿಯ ನೆಟ್‌ವರ್ಕ್ ವಿಭಾಗಕ್ಕೆ ತೆಗೆದುಕೊಳ್ಳುತ್ತಾರೆ. ಉಳಿದವರ ಕೆಲಸ ಅಲ್ಲಿಗೆ ಮುಗಿಯಿತು. ಪರೀಕ್ಷೆಯ ಶುಲ್ಕವನ್ನು ಒಂದು ಸಲ ಮಾತ್ರ ಆಸ್ಪತ್ರೆ ಕಟ್ಟುತ್ತದೆ.

ಮೂವರಲ್ಲಿ ಚಿಕ್ಕವಳು ನೋಟಿಸನ್ನು ಪೂರ್ತಿ ಓದುವ ಮೊದಲೇ ಹೋಟೆಲೊಂದಕ್ಕೆ ಫೋನು ಮಾಡಿದಳು. ಎಂಟು ದಿನದಲ್ಲಿ ಅಲ್ಲಿ ರಿಸೆಪ್ಶನ್ ಕೆಲಸಕ್ಕೆ ಸೇರಿಕೊಂಡಳು. ಹಿರಿಯರನ್ನು ಇಡೀ ಆಸ್ಪತ್ರೆ ದೊಡ್ಡಕ್ಕ ಎನ್ನುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಐವತ್ತೇಳಕ್ಕೆ ನಾನು ಯಾವ ಪರೀಕ್ಷೆ ಬರೀಲಿ? ನನಗಿನ್ನು ಉಳಿದಿರೋದು ರಕ್ತ ಪರೀಕ್ಷೆ ಒಂದೇ. ನೀನು ಬರಿ."

"ನನಗೆ ಬರುತ್ತಾ ದೊಡ್ಡಕ್ಕ?" ಎಂದಳು ನಡುವಿನವಳು.

"ನಾನೂರ ಹನ್ನೆರಡು ನಂಬರು ಬಾಯಲ್ಲಿಟ್ಟುಕೊಂಡಿದ್ದೀಯ. ಇನ್ನೊಂದಿಷ್ಟು ಹಿಡಿಸುತ್ತೆ ಬಿಡು."

ಈ ನಡುವಿನ ಆಪರೇಟರಿಗೆ ನಲವತ್ನಾಲ್ಕು ವರ್ಷ. ಇಪ್ಪತ್ತೊಂದು ವರ್ಷದಿಂದ ಅದೇ ಕುರ್ಚಿ. ಅವಳಿಗೆ ಆಸ್ಪತ್ರೆಯ ನಾನೂರ ಹನ್ನೆರಡು ಒಳ ನಂಬರುಗಳೂ ನೋಡದೆ ಗೊತ್ತು. ಯಾವ ವಾರ್ಡಿನ ಫೋನು ನಾಲ್ಕನೇ ರಿಂಗಿಗೆ ಎತ್ತುತ್ತಾರೆ, ಯಾವುದನ್ನು ಎತ್ತುವುದೇ ಇಲ್ಲ ಎಂಬುದೂ ಗೊತ್ತು.

ಟೆಲಿಫೋನ್ ಬೋರ್ಡಿಗೆ ಹೊಸದಾಗಿ ಬಂದವರಿಗೆ ಮೊದಲು ಕಲಿಸುವುದು ಹೋಲ್ಡ್. ಒಂದು ಕರೆ ತಕ್ಷಣ ಬಗೆಹರಿಯದಿದ್ದರೆ ಅದನ್ನು ಹೋಲ್ಡ್‌ಗೆ ಹಾಕಬೇಕು. ಅದರ ದೀಪ ಮಿನುಗುತ್ತಿರುತ್ತದೆ. ಅಷ್ಟರಲ್ಲಿ ಸುಲಭದ ಕರೆಗಳನ್ನು ದಾಟಿಸಿ, ಮತ್ತೆ ಅದಕ್ಕೆ ಬರಬೇಕು. ದೊಡ್ಡಕ್ಕ ಅವಳಿಗೆ ಮೊದಲ ದಿನ ಹೇಳಿಕೊಟ್ಟದ್ದು ಇಷ್ಟೇ: ಕಷ್ಟದ್ದನ್ನು ಹೋಲ್ಡ್‌ನಲ್ಲಿಡು, ಮರೆಯಬೇಡ. ಅವಳು ಒಂದು ಸಲವೂ ಮರೆತಿರಲಿಲ್ಲ. ಮನೆಯಲ್ಲೂ ಅವಳದು ಇದೇ ರೀತಿ. ಒಲೆಯ ಮೇಲೆ ಒಂದು, ಬಕೆಟ್ಟಿನಲ್ಲಿ ಒಂದು, ಅರ್ಧ ಹೊಲಿದ ಗುಂಡಿ ಒಂದು. ಎಲ್ಲಕ್ಕೂ ತಿರುಗಿ ಬರುತ್ತಿದ್ದಳು.

ಅವಳ ಮನೆ ಸೈಕಲ್ ಅಂಗಡಿಯ ಮೇಲೆ. ಎರಡು ಕೋಣೆ, ಒಂದು ಅಡುಗೆಮನೆ. ಗಂಡ ಬ್ರೆಡ್ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವವನು. ಹಾಲಿನ ವ್ಯಾನು ಬರುವ ಮೊದಲೇ ಹೊರಟು, ಮಧ್ಯಾಹ್ನ ಕಿವಿಯ ಹಿಂದೆ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದ. ಅವನ ತಾಯಿಗೆ ಎಪ್ಪತ್ತೆರಡು, ಎಡಮಂಡಿ ನೋವು. ಮಗಳು ಕಾಲೇಜಿನಲ್ಲಿ ಎರಡನೇ ವರ್ಷ, ಓದುತ್ತಿದ್ದದ್ದು ಕಂಪ್ಯೂಟರ್. ನೋಟಿಸಿನ ಸುದ್ದಿ ಕೇಳಿ ಮೂವರೂ ಒಂದೇ ಸಲ ಮಾತಾಡಿದರು.

"ನಾನು ಕಲಿಸ್ತೀನಿ," ಎಂದಳು ಮಗಳು.

"ಅಡುಗೆ ನನಗಿರಲಿ," ಎಂದ ಗಂಡ.

"ಹಾಗಾದ್ರೆ ನನಗೆ ಉಪವಾಸ," ಎಂದರು ಅತ್ತೆ.

ಮಗಳು ಮರುದಿನವೇ ತಾಯಿಯ ಹೆಸರು ನೋಂದಾಯಿಸಿದಳು. ಪರೀಕ್ಷೆ ಮುಂದಿನ ತಿಂಗಳ ಹನ್ನೆರಡಕ್ಕೆ. ಎಂಬತ್ತು ಪ್ರಶ್ನೆ, ತೊಂಬತ್ತು ನಿಮಿಷ. ಸಾವಿರಕ್ಕೆ ಎಂಟುನೂರು ಬಂದರೆ ಪಾಸು. ಪರೀಕ್ಷಾ ಕೇಂದ್ರ ಕಳಿಸಿದ ನಿಯಮಗಳ ಹಾಳೆಯನ್ನು ಕಾಲೇಜಿನಲ್ಲಿ ಪ್ರಿಂಟ್ ತೆಗೆದು ತಂದು, ಅಡುಗೆಮನೆಯ ಮೇಜಿನ ಮೇಲಿಟ್ಟಳು. "ಅಮ್ಮ, ಇದನ್ನ ಓದಿಬಿಡು," ಎಂದಳು. ಅಮ್ಮ ಆಗ ಬಟ್ಟೆ ಹಿಂಡುತ್ತಿದ್ದಳು. "ಅಲ್ಲಿಡು, ಬಂದೆ," ಎಂದಳು.

ಪಾಠ ದಿನವೂ ಸಂಜೆ ಐದೂವರೆಗೆ, ಊಟದ ಮೇಜಿನ ಮೇಲೆ.

"ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಇರುತ್ತೆ, ನಂಬರಿನದ್ದು."

"ನಮ್ಮ ಒಳ ನಂಬರ್ ಇದ್ದ ಹಾಗೆ."

"ಹಾಗಲ್ಲ."

"ಮತ್ತೆ ಹೇಗೆ?"

ಮಗಳು ಪುಸ್ತಕದ ಹಾಳೆ ತಿರುಗಿಸಿದಳು. "ಹಾಗೇ ಅನ್ಕೋ."

"ಈ ಸಬ್‌ನೆಟ್ ಅಂದ್ರೆ?"

"ಇಷ್ಟು ವಿಳಾಸ ಈ ಗುಂಪಿಗೆ, ಇಷ್ಟು ಆ ಗುಂಪಿಗೆ ಅಂತ ಭಾಗ ಮಾಡೋದು."

"ಇನ್ನೂರರಿಂದ ಇನ್ನೂರ ಮೂವತ್ತು ಮಕ್ಕಳ ವಾರ್ಡು, ಮುಂದಿನದು ಹೆರಿಗೆ ವಾರ್ಡು. ಅಷ್ಟೇ ತಾನೆ? ಇದಕ್ಕೆ ಇಷ್ಟು ದಪ್ಪ ಪುಸ್ತಕ ಬೇಕಿತ್ತಾ?"

"ಅಮ್ಮ, ಲೆಕ್ಕ ಮಾಡು ಮೊದಲು."

ಲೆಕ್ಕ ಬರುತ್ತಿರಲಿಲ್ಲ. ವಿಷಯ ಅರ್ಥವಾಗುತ್ತಿತ್ತು, ಎರಡರ ಗುಣಾಕಾರದಲ್ಲಿ ಕೈ ತಪ್ಪುತ್ತಿತ್ತು. ಮಗಳ ಧ್ವನಿ ಏರುತ್ತಿತ್ತು. ಹನ್ನೊಂದನೇ ದಿನ ಅವಳು ಪೆನ್ಸಿಲನ್ನು ಮೇಜಿನ ಮೇಲೆ ಎಸೆದಳು.

"ಎಷ್ಟು ಸಲ ಹೇಳೋದು? ಚಿಕ್ಕ ಮಕ್ಕಳಿಗೂ ಬರುತ್ತೆ."

"ನಿನಗೆ ಗಡಿಯಾರ ನೋಡೋದು ಕಲಿಸೋಕೆ ನಾಲ್ಕು ತಿಂಗಳು ಹಿಡೀತು," ಎಂದಳು ತಾಯಿ. "ನಾನು ಪೆನ್ಸಿಲ್ ಎಸೀಲಿಲ್ಲ."

ಅತ್ತೆ ಒಳಗಿನಿಂದ ಕೇಳಿಸುವಷ್ಟು ಜೋರಾಗಿ, "ಚಮಚ ಎಸೆದಿದ್ದಳು, ನಾನು ನೋಡಿದೀನಿ," ಎಂದರು.

ಚಿಕ್ಕವಳು ಬಿಟ್ಟು ಹೋದಮೇಲೆ ಇಬ್ಬರೇ ಮೂರು ಪಾಳಿ ಹಂಚಿಕೊಂಡಿದ್ದರು. ಆಪರೇಟರ್ ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ಸಂಜೆ ನಾಲ್ಕಕ್ಕೆ. ಬಸ್ಸಿನಲ್ಲಿ ಮಗಳು ಹಾಕಿಕೊಟ್ಟ ಅಭ್ಯಾಸದ ಆ್ಯಪ್ ತೆರೆದು ಪ್ರಶ್ನೆ ಬಿಡಿಸುತ್ತಿದ್ದಳು. ಕಷ್ಟದ್ದು ಬಂದರೆ ಬಿಟ್ಟು ಮುಂದೆ ಹೋಗಿ, ಕೊನೆಗೆ ಎಡಗಡೆಯ ಬಾಣ ಒತ್ತಿ ಹಿಂದಕ್ಕೆ ಬರುತ್ತಿದ್ದಳು. ಹಾಗೆ ಮಾಡಿದಾಗ ಅಂಕ ಏರುತ್ತಿತ್ತು. ಮೊದಲ ವಾರ ಆರುನೂರು, ಎರಡನೇ ವಾರ ಏಳುನೂರ ಮೂವತ್ತು, ಹತ್ತನೇ ತಾರೀಖಿಗೆ ಎಂಟುನೂರ ನಲವತ್ತು.

ಮನೆಯಲ್ಲಿ ಊಟ ಒಂದೇ ದಾರಿ ಹಿಡಿದಿತ್ತು. ಗಂಡನಿಗೆ ಬರುತ್ತಿದ್ದದ್ದು ಬ್ರೆಡ್ಡು. ಬ್ರೆಡ್ಡು ಮತ್ತು ಮೊಟ್ಟೆ, ಬ್ರೆಡ್ಡು ಮತ್ತು ಬೇಯಿಸಿದ ತರಕಾರಿ, ಹಾಲಲ್ಲಿ ನೆನೆಸಿದ ಬ್ರೆಡ್ಡು.

"ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು. ನಾನೇನು ಕೆರೆಯ ಬಾತುಕೋಳಿನಾ?" ಎಂದು ಅತ್ತೆ ತಟ್ಟೆ ಸರಿಸಿದರು.

"ಇನ್ನೊಂದು ವಾರ ಅಮ್ಮ."

"ಪಾಸಾಗದಿದ್ರೆ?"

ಅತ್ತೆ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಹನ್ನೆರಡನೇ ತಾರೀಖು ಪರೀಕ್ಷೆ ಹತ್ತು ಗಂಟೆಗೆ. ಗಂಡ ಆ ದಿನ ಕಾರ್ಖಾನೆಯಲ್ಲಿ ಪಾಳಿ ಮುಗಿದ ಮೇಲೆ ಉಳಿದು ಒಂದು ಕೇಕು ಮಾಡಿದ. ಅವನು ಬ್ರೆಡ್ಡಿನವನು, ಕೇಕಿನವನಲ್ಲ. ಕೇಕು ಇಟ್ಟಿಗೆಯಷ್ಟು ಭಾರ ಬಂತು. ಮೇಲೆ ಬಿಳಿ ಕ್ರೀಮಿನಲ್ಲಿ 'ಪಾಸ್' ಎಂದು ಬರೆದ. ಅತ್ತೆ ಕೆಳಗಿನ ಸೈಕಲ್ ಅಂಗಡಿಯವನನ್ನೂ ಕರೆದರು. ಅವನು ಕೈ ತೊಳೆದು ಬಂದು, ಕಾಗದದ ತಟ್ಟೆ ಹಿಡಿದು ಕಿಟಕಿಯ ಬಳಿ ನಿಂತ.

ಒಂದೂಕಾಲಕ್ಕೆ ಆಪರೇಟರ್ ಬಂದಳು. ಚೀಲವನ್ನು ಮೊಳೆಗೆ ನೇತುಹಾಕಿದಳು. ಕೇಕನ್ನು ನೋಡಿದಳು.

"ಆಗಲಿಲ್ಲ. ಏಳುನೂರ ಎಪ್ಪತ್ತೈದು."

"ನಾನು ಆಮೇಲೆ ಬರ್ತೀನಿ," ಎಂದ ಸೈಕಲ್ ಅಂಗಡಿಯವನು. ಖಾಲಿ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಇಳಿದು ಹೋದ.

ಗಂಡ ಚಾಕು ತಂದು 'ಪಾಸ್' ಎಂಬುದನ್ನು ಕೆರೆದು ತೆಗೆದ. ಅಕ್ಷರದ ಗುರುತು ಹಾಗೇ ಉಳಿಯಿತು. ಮಗಳು ತಾಯಿಯ ಎದುರು ಕುಳಿತಳು.

"ಯಾವ ಭಾಗ ಕಷ್ಟ ಆಯ್ತು?"

"ಯಾವುದೂ ಇಲ್ಲ. ಸಮಯ ಉಳಿದಿತ್ತು. ಇಪ್ಪತ್ತೊಂದು ನಿಮಿಷ."

"ಸಮಯ ಉಳೀತಾ?"

"ಒಂಬತ್ತು ಪ್ರಶ್ನೆ ಹೋಲ್ಡ್‌ನಲ್ಲಿ ಇಟ್ಟಿದ್ದೆ. ಕೊನೆಗೆ ನೋಡೋಣ ಅಂತ. ಎಂಬತ್ತನೇದು ಮುಗಿಸಿ ಒತ್ತಿದೆ. ಹಿಂದೆ ಹೋಗೋ ಬಾಣವೇ ಇಲ್ಲ. ನೇರ ಅಂಕ ಬಂತು."

ಮಗಳ ಮುಖ ಬದಲಾಯಿತು. "ಉತ್ತರ ಕೊಡದೆ ಮುಂದೆ ಹೋಗೋವಾಗ ಅದು ಕೇಳಲಿಲ್ವಾ?"

"ಕೇಳ್ತು. ಉತ್ತರ ಆರಿಸಿಲ್ಲ, ಮುಂದೆ ಹೋಗಬೇಕಾ ಅಂತ. ಹೌದು ಅಂದೆ."

"ಒಂಬತ್ತು ಸಲನೂ?"

"ಒಂಬತ್ತು ಸಲನೂ."

"ಅಮ್ಮ, ಎರಡು ಸರಿಯಾಗಿದ್ರೆ ಸಾಕಿತ್ತು. ನಾಲ್ಕು ಉತ್ತರದಲ್ಲಿ ಒಂದು. ಕಣ್ಣು ಮುಚ್ಚಿ ಒತ್ತಿದ್ರೂ ಎರಡು ಬೀಳ್ತಿತ್ತು."

"ಹಿಂದೆ ಹೋಗೋಕಾಗಲ್ಲ ಅಂತ ನೀನು ಯಾಕೆ ಹೇಳಲಿಲ್ಲ?"

"ನಿಯಮದ ಹಾಳೆ ಕೊಟ್ಟಿದ್ನಲ್ಲ. ಓದು ಅಂದೆ."

"ಯಾವ ಹಾಳೆ?"

ಹಾಳೆಗಾಗಿ ಪುಸ್ತಕಗಳ ನಡುವೆ, ಚೀಲದಲ್ಲಿ, ದಿಂಬಿನ ಕೆಳಗೆ ಹುಡುಕಿದರು. ಅದು ಸಿಕ್ಕಿದ್ದು ಫ್ರಿಜ್ಜಿನ ಬಾಗಿಲ ಮೇಲೆ. ಮೇಜಿನ ಮೇಲೆ ಬಿದ್ದಿದ್ದ ಹಾಳೆಯ ಖಾಲಿ ಬದಿಯಲ್ಲಿ ಅತ್ತೆ ತರಬೇಕಾದ ಸಾಮಾನು ಬರೆದಿದ್ದರು: ಈರುಳ್ಳಿ, ಸೋಪು, ಮಂಡಿಯ ಮುಲಾಮು. ಕಳೆಯಬಾರದೆಂದು ಎರಡು ಮ್ಯಾಗ್ನೆಟ್ ಹಾಕಿ ಅಂಟಿಸಿದ್ದರು. ಹನ್ನೊಂದನೇ ನಿಯಮ ಮೂರು ವಾರದಿಂದ ಫ್ರಿಜ್ಜಿನ ಬಾಗಿಲಿಗೆ ಮುಖ ಮಾಡಿಕೊಂಡಿತ್ತು: ಒಮ್ಮೆ ದಾಟಿದ ಪ್ರಶ್ನೆಗೆ ಮರಳಿ ಬರಲಾಗದು.

"ನನಗೇನು ಗೊತ್ತು?" ಎಂದರು ಅತ್ತೆ. "ಒಂದು ಬದಿ ಖಾಲಿ ಇತ್ತು."

"ಇನ್ನೊಂದು ಬದಿ ನೋಡಬಾರದಿತ್ತಾ ಅಜ್ಜಿ?"

"ನೀನು ಬಾಯಲ್ಲಿ ಹೇಳಬಾರದಿತ್ತಾ? ಮೂರು ವಾರ ಗಂಟಲು ಹರಿಯೋ ಹಾಗೆ ಕೂಗಿದೀಯ. ಇದೊಂದು ಮಾತು ಬರಲಿಲ್ಲ."

"ಆ್ಯಪ್‌ನಲ್ಲಿ ಹಿಂದೆ ಹೋಗೋದು ಇತ್ತು. ಪರೀಕ್ಷೇಲೂ ಇರುತ್ತೆ ಅಂತ ಅಂದ್ಕೊಂಡೆ," ಎಂದಳು ಮಗಳು. ಅವಳೂ ಹನ್ನೊಂದನೇ ನಿಯಮ ಓದಿರಲಿಲ್ಲ. ಅದನ್ನು ಹೇಳಿ ಅಳತೊಡಗಿದಳು.

"ಸಾಕು," ಎಂದಳು ಆಪರೇಟರ್. "ಹಾಳೆ ಕೊಡು ಇಲ್ಲಿ." ಅವಳು ಮೊದಲಿನಿಂದ ಕೊನೆಯವರೆಗೆ ನಿಂತೇ ಓದಿದಳು. ಹದಿನೇಳನೇ ನಿಯಮದಂತೆ ಮತ್ತೊಮ್ಮೆ ಬರೆಯಲು ಹದಿನಾಲ್ಕು ದಿನ ಕಾಯಬೇಕು. ಅಂದರೆ ಇಪ್ಪತ್ತಾರು. ಟೆಲಿಫೋನ್ ಕೋಣೆ ಮುಚ್ಚುವುದು ಮೂವತ್ತಕ್ಕೆ. ಇನ್ನೊಂದು ಸಲ ತಪ್ಪಿದರೆ ಮೂರನೇ ಸಲಕ್ಕೆ ದಿನವಿಲ್ಲ.

ಎರಡನೇ ಸಲದ ಶುಲ್ಕ ತಾವೇ ಕಟ್ಟಬೇಕಿತ್ತು. ವಾಷಿಂಗ್ ಮೆಷಿನ್ ರಿಪೇರಿಗೆಂದು ತೆಗೆದಿಟ್ಟ ಹಣ ಅದಕ್ಕೆ ಹೋಯಿತು. ಗಂಡ ಕಟ್ಟಿ ಬಂದು ರಸೀದಿಯನ್ನು ಫ್ರಿಜ್ಜಿಗೆ ಅಂಟಿಸಿದ, ಬರಹ ಹೊರಗೆ ಕಾಣುವಂತೆ. ಕೇಕನ್ನು ನಾಲ್ಕು ದಿನ ತಿಂದರು. ಬೆಳಿಗ್ಗೆ ಚಹಾದ ಜೊತೆ, ಸಂಜೆ ಪಾಠದ ಜೊತೆ. ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ, ಎಸೆಯೋಣ ಎಂದೂ ಹೇಳಲಿಲ್ಲ.

"ಪಾಠ ಎಲ್ಲ ಅವಳಿಗೆ ಬರುತ್ತೆ," ಎಂದ ಗಂಡ, ಅವಳು ಪಾಳಿಯಲ್ಲಿದ್ದ ಹೊತ್ತು. "ಬಿಡಿಸಬೇಕಿರೋದು ಇದೊಂದು ಚಟ."

ಅವನೇ ಕಾರ್ಖಾನೆಯಿಂದ ಒಲೆಯ ಪಕ್ಕದ ಹಳೆಯ ಟೈಮರ್ ತಂದ. ತಿರುಗಿಸಿ ಬಿಟ್ಟರೆ ನಿಮಿಷಕ್ಕೆ ಗಂಟೆ ಹೊಡೆಯುವಂಥದು. ಮಗಳು ಇನ್ನೂರು ಪ್ರಶ್ನೆಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದಳು. ಮೇಲ್ವಿಚಾರಣೆ ಅತ್ತೆಯದು. ಚೀಟಿಯಲ್ಲಿ ಏನಿದೆಯೆಂದು ಅವರಿಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕಿರಲೂ ಇಲ್ಲ. ಒಂದು ಚೀಟಿ ಮುಂದಿಡುವುದು, ಟೈಮರ್ ತಿರುಗಿಸುವುದು, ಗಂಟೆ ಹೊಡೆದೊಡನೆ ಚೀಟಿ ಕಸಿದು ಹಿಟ್ಟಿನ ಡಬ್ಬಿಗೆ ಹಾಕಿ ಮುಚ್ಚಳ ಹಾಕುವುದು.

"ಅತ್ತೆ, ಒಂದು ನಿಮಿಷ. ಆ ಮೊದಲಿನದು..."

"ಹೋಯ್ತು."

"ಈಗ ಹೊಳೀತು ನನಗೆ."

"ಡಬ್ಬಿಗೆ ಹೋದದ್ದು ಹೋಯ್ತು. ಮುಂದಿನದು ನೋಡು."

ಸೊಸೆಯ ಕೈ ಅಭ್ಯಾಸಬಲದಿಂದ ಡಬ್ಬಿಯ ಕಡೆ ಹೋಗುತ್ತಿತ್ತು. ಅತ್ತೆ ಮರದ ಸೌಟಿನಿಂದ ಅದನ್ನು ತಟ್ಟುತ್ತಿದ್ದರು. ಮೂರನೇ ದಿನ ತುಸು ಜೋರಾಗಿಯೇ ಬಿತ್ತು.

"ಇಪ್ಪತ್ತೆರಡು ವರ್ಷದಿಂದ ಇದಕ್ಕೇ ಕಾಯ್ತಿದ್ರಾ ಅತ್ತೆ?"

"ಕಾಯ್ತಿರಲಿಲ್ಲ. ಸಿಕ್ಕಿದ ಮೇಲೆ ಬಿಡೋದ್ಯಾಕೆ?"

ಮೊದಲ ದಿನ ನಲವತ್ತರಲ್ಲಿ ಏಳಕ್ಕೆ ಉತ್ತರವಿಲ್ಲದೆ ಚೀಟಿ ಡಬ್ಬಿ ಸೇರಿತು. ಐದನೇ ದಿನ ಮೂರಕ್ಕೆ. ಮನೆಗೆಲಸದಲ್ಲೂ ಹೋಲ್ಡ್ ಬೇಡವೆಂದು ಮಗಳು ನಿಯಮ ಮಾಡಿದಳು. ಒಂದು ಕೆಲಸ ಹಿಡಿದರೆ ಅದು ಮುಗಿಯುವ ತನಕ ಇನ್ನೊಂದಿಲ್ಲ. ಆಪರೇಟರ್ ಗುಂಡಿ ಹೊಲಿಯುತ್ತ ಕುಳಿತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿತು. ಎದ್ದು ಓಡಬೇಕೋ ಬೇಡವೋ ಎಂದು ಸೂಜಿ ಹಿಡಿದೇ ನಿಂತಳು.

"ಹಾಲಿಗೆ ನಿಯಮ ಇಲ್ಲ ಅಮ್ಮ, ಓಡು," ಎಂದು ಮಗಳು ಕೂಗುವಷ್ಟರಲ್ಲಿ ಅರ್ಧ ಪಾತ್ರೆ ಖಾಲಿಯಾಗಿತ್ತು.

ಇಪ್ಪತ್ತೊಂದರಂದು ಬೋರ್ಡಿನಲ್ಲಿ ಒಂದು ಕರೆ ಬಿದ್ದುಹೋಯಿತು. ಬೆಳಗಿನ ಗದ್ದಲದ ಹೊತ್ತು. ಯಾರೋ ಶಸ್ತ್ರಚಿಕಿತ್ಸಾ ವಿಭಾಗ ಕೇಳಿದ್ದರು, ಅಲ್ಲಿ ಯಾರೂ ಎತ್ತಲಿಲ್ಲ. ಹೋಲ್ಡ್ ಒತ್ತಬೇಕಿದ್ದ ಬೆರಳು ಮುಂದಿನ ಕರೆಯ ಗುಂಡಿ ಒತ್ತಿತು. ಲೈನು ಕಡಿಯಿತು. ರಾತ್ರಿ ಪಾಳಿ ಮುಗಿಸಿ ಇನ್ನೂ ಹೊರಟಿರದ ದೊಡ್ಡಕ್ಕ ಹಿಂದೆಯೇ ನಿಂತಿದ್ದರು.

"ನಿನ್ನ ಕೈಯಿಂದ ಕರೆ ಬಿದ್ದದ್ದು ನಾನು ನೋಡಿಲ್ಲ ಇವತ್ತಿನವರೆಗೆ."

"ಮನೇಲಿ ಒಂದು ಥರ, ಇಲ್ಲಿ ಒಂದು ಥರ ಮಾಡಬೇಕು ದೊಡ್ಡಕ್ಕ. ಎರಡೂ ಕೆಡ್ತಾ ಇದೆ."

"ಅವರು ಮತ್ತೆ ಮಾಡ್ತಾರೆ," ಎಂದರು ದೊಡ್ಡಕ್ಕ. ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತರು. ಇಬ್ಬರೂ ದೀಪಗಳನ್ನೇ ನೋಡಿದರು. ಏಳು ನಿಮಿಷಕ್ಕೆ ಅದೇ ಧ್ವನಿ ಮತ್ತೆ ಬಂತು. ಆಪರೇಟರ್ ಕ್ಷಮೆ ಕೇಳಿ ಲೈನು ಕೊಟ್ಟಳು.

ಇಪ್ಪತ್ತಾರರಂದು ಗಂಡ ಕೇಕು ಮಾಡಲಿಲ್ಲ, ಪಾಳಿ ಮುಗಿದೊಡನೆ ಮನೆಗೆ ಬಂದು ಮಲಗಿದ. ಯಾರನ್ನೂ ಕರೆಯಲಿಲ್ಲ. ಅತ್ತೆ ಸೈಕಲ್ ಅಂಗಡಿಯವನಿಗೆ ಹೇಳುವುದು ಬೇಡವೆಂದರು. ಆದರೆ ಅವನಿಗೆ ಗೊತ್ತಿತ್ತು. ಮಂಡಿನೋವಿನ ಹೆಂಗಸು ಒಂದೇ ಬೆಳಿಗ್ಗೆ ನಾಲ್ಕು ಸಲ ಮೆಟ್ಟಿಲಿಳಿದು ರಸ್ತೆ ನೋಡಿದ್ದನ್ನು ಅವನು ನೋಡಿದ್ದ.

ಪರೀಕ್ಷಾ ಕೇಂದ್ರದಲ್ಲಿ ಹನ್ನೆರಡು ಕಂಪ್ಯೂಟರುಗಳು, ನಡುವೆ ಮರದ ತಡೆಗಳು. ವಾಚು, ಕೈಚೀಲ, ಕರವಸ್ತ್ರ ಎಲ್ಲ ಹೊರಗಿನ ಕಪಾಟಿನಲ್ಲಿಡಬೇಕು. ಮೂವತ್ತೊಂದನೇ ಪ್ರಶ್ನೆಯವರೆಗೆ ಆಪರೇಟರ್ ನಿಲ್ಲದೆ ಹೋದಳು. ಅದು ಎರಡು ಕಚೇರಿಗಳಿಗೆ ವಿಳಾಸ ಹಂಚುವ ಪ್ರಶ್ನೆ. ಲೆಕ್ಕ ಎರಡು ಸಲ ಎರಡು ಥರ ಬಂತು. ಮುಂದಕ್ಕೆ ಹೋಗುವ ಗುಂಡಿಯ ಮೇಲೆ ಬೆರಳಿತ್ತು. ಒತ್ತಿದಳು. ಉತ್ತರ ಆರಿಸಿಲ್ಲ, ಮುಂದೆ ಹೋಗಬೇಕೆ ಎಂದು ಪರದೆ ಕೇಳಿತು. ಬಲಗೈಯನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಒಂದರಿಂದ ಹತ್ತರವರೆಗೆ ಎಣಿಸಿದಳು. 'ಇಲ್ಲ' ಒತ್ತಿ, ಮೂರನೇ ಉತ್ತರ ಆರಿಸಿ, ಮುಂದೆ ಹೋದಳು. ಅದು ಸರಿಯಿತ್ತೋ ತಪ್ಪೋ ಅವಳಿಗೆ ಮುಂದೆಂದೂ ತಿಳಿಯಲಿಲ್ಲ.

ಅಂಕ ಎಂಟುನೂರ ಇಪ್ಪತ್ತೈದು.

ಅವಳು ಕೇಂದ್ರದ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನು ಮಾಡಿದಳು. ಎತ್ತಿದವರು ಅತ್ತೆ.

"ಆಯ್ತು ಅತ್ತೆ."

"ಆಯ್ತು ಅಂದ್ರೆ? ಮುಗೀತು ಅಂತಲೋ, ಪಾಸಾಯ್ತು ಅಂತಲೋ?"

"ಪಾಸಾಯ್ತು."

ಅತ್ತೆ ರಿಸೀವರನ್ನು ಹಾಗೇ ಮೇಜಿನ ಮೇಲಿಟ್ಟು ಮಗನನ್ನು ಎಬ್ಬಿಸಲು ಹೋದರು. ಆಪರೇಟರ್ ಕಾದಳು. ಅವಳನ್ನು ಯಾರಾದರೂ ಹೀಗೆ ಕಾಯಿಸಿದ್ದು ಅಪರೂಪ.

ಮನೆಗೆ ಬರುವ ದಾರಿಯಲ್ಲಿ ಅವಳು ಆಸ್ಪತ್ರೆಯ ಸಿಬ್ಬಂದಿ ವಿಭಾಗಕ್ಕೆ ಹೋಗಿ ಅಂಕದ ಹಾಳೆ ತೋರಿಸಿದಳು. ಅಲ್ಲಿನ ಗುಮಾಸ್ತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ಅಂಕದ ಹಾಳೆ. ಪ್ರಮಾಣಪತ್ರ ಅಲ್ಲ ಅಮ್ಮ."

"ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತಂತೆ. ಮೂರು ವಾರ ಆಗುತ್ತಂತೆ."

"ನೋಟಿಸಿನಲ್ಲಿ ಮೂವತ್ತರೊಳಗೆ ಪ್ರಮಾಣಪತ್ರ ಅಂತಿದೆ. ನಾನೇನು ಮಾಡಲಿ? ಆಡಳಿತಾಧಿಕಾರಿಗಳಿಗೆ ಕಳಿಸ್ತೀನಿ. ಅವರು ಏನಂತಾರೋ."

ಆದ್ದರಿಂದ ಸಂಜೆಯ ಸಂಭ್ರಮಕ್ಕೆ ಅವಳು ಬಂದದ್ದು ಅರ್ಧ ಮನಸ್ಸಿನಲ್ಲಿ. ಗಂಡ ಮಧ್ಯಾಹ್ನವೇ ಮತ್ತೆ ಕಾರ್ಖಾನೆಗೆ ಓಡಿ ಎರಡನೇ ಕೇಕು ಮಾಡಿ ತಂದಿದ್ದ. ಈ ಸಲ ಮೊದಲಿನದಕ್ಕಿಂತ ಹಗುರವಿತ್ತು. ಮೇಲೆ ಏನೂ ಬರೆದಿರಲಿಲ್ಲ.

"ಬರೀರಿ ಈಗಲಾದ್ರೂ," ಎಂದ ಸೈಕಲ್ ಅಂಗಡಿಯವನು. ಅವನು ಹದಿನಾಲ್ಕು ದಿನದ ಹಿಂದೆ ಒಯ್ದಿದ್ದ ಕಾಗದದ ತಟ್ಟೆಯನ್ನೇ ತಂದಿದ್ದ.

"ಕೆಲಸದ ಆರ್ಡರ್ ಕೈಗೆ ಬರಲಿ," ಎಂದ ಗಂಡ.

ದೊಡ್ಡಕ್ಕ ಬೋರ್ಡನ್ನು ಒಂದು ಗಂಟೆ ಹೊರರೋಗಿ ವಿಭಾಗದ ಗುಮಾಸ್ತನಿಗೆ ಒಪ್ಪಿಸಿ ಬಂದಿದ್ದರು. ಕೈಯಲ್ಲಿ ಒಂದು ಪೊಟ್ಟಣ. ಒಳಗೆ ತಂತಿ ಕತ್ತರಿಸುವ ಇಕ್ಕಳ, ಕೆಂಪು ಹಿಡಿಯದು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಇವಳಿಗೆ ಆ ಹೋಲ್ಡು ಕಲಿಸಿದ್ದು ನೀವೇನಾ?"

ಆಪರೇಟರ್ ಅತ್ತೆಯ ಕಡೆ ನೋಡಿದಳು.

"ನಾನೇ," ಎಂದರು ದೊಡ್ಡಕ್ಕ. "ಬಿಡಿಸಿದ್ದು ನೀವೇನಾ?"

"ನಾನೇ. ಸೌಟಲ್ಲಿ."

"ನಾನು ಕಲಿಸೋವಾಗ ಅಳತೆಪಟ್ಟಿ ಇಟ್ಕೊಂಡಿದ್ದೆ. ಅದೇ ಕೈಗೆ."

ಮೊದಲು ನಕ್ಕದ್ದು ಮಗಳು. ಆಮೇಲೆ ಉಳಿದವರು. ಅತ್ತೆ ದೊಡ್ಡಕ್ಕನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. ಇಬ್ಬರೂ ಮಂಡಿನೋವಿನ ಮಾತಿಗೆ ತೊಡಗಿದರು. ಆಪರೇಟರ್ ಎರಡು ಸಲ ಎದ್ದು ಹೋಗಿ, ಅಂಕದ ಹಾಳೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇದೆಯೇ ಎಂದು ನೋಡಿ ಬಂದಳು.

"ಒಂದನೇ ತಾರೀಖಿನಿಂದ ನೀವೇನು ಮಾಡ್ತೀರಿ?" ಎಂದು ಮಗಳು ದೊಡ್ಡಕ್ಕನನ್ನು ಕೇಳಿದಳು.

"ತಂಗಿ ಮನೆಗೆ ಹೋಗ್ತೀನಿ. ಅವಳ ಮನೇಲಿ ಫೋನು ಯಾರು ಎತ್ತಬೇಕು ಅಂತ ದಿನಾ ಜಗಳ. ನಾನು ಎತ್ತಲ್ಲ ಅಂತ ಮೊದಲೇ ಹೇಳಿದೀನಿ," ಎಂದರು ದೊಡ್ಡಕ್ಕ. ಇನ್ನೊಂದು ತುಂಡು ಬೇಡವೆಂದು ಕೈ ಅಡ್ಡ ಹಿಡಿದರು.

ಇಪ್ಪತ್ತೇಳು ಕಳೆಯಿತು. ಇಪ್ಪತ್ತೆಂಟು ಕಳೆಯಿತು. ಸಿಬ್ಬಂದಿ ವಿಭಾಗದಿಂದ ಸುದ್ದಿ ಬರಲಿಲ್ಲ. ಮನೆಯಲ್ಲಿ ಬಟ್ಟೆ ಕೈಯಲ್ಲಿ ಒಗೆಯುವುದು ನಡೆದಿತ್ತು. ಅತ್ತೆ ಬೆಳಿಗ್ಗೆಯೂ ಸಂಜೆಯೂ ಒಂದೇ ಮಾತು ಕೇಳುತ್ತಿದ್ದರು: "ಏನಂದ್ರು?" ಗಂಡ ಕೊನೆಗೆ ರೇಗಿದ. "ಅಂದ್ರೆ ಅವಳು ಹೇಳಲ್ವಾ ಅಮ್ಮ?" ಆ ದಿನ ಮಧ್ಯಾಹ್ನ ತಾಯಿ ಮಗ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದರು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬೋರ್ಡಿನಲ್ಲಿ ಆಡಳಿತಾಧಿಕಾರಿಯ ದೀಪ ಹೊತ್ತಿತು. ಅವರು ಒಂದು ಹೊರಗಿನ ನಂಬರು ಹೇಳಿ ಲೈನು ಕೊಡಿ ಎಂದರು. ಆಪರೇಟರ್ ಬರೆದುಕೊಂಡಳು. ನಿಯಮದ ಹಾಳೆಯ ಮೇಲ್ಭಾಗದಲ್ಲಿದ್ದ ನಂಬರು ಅದು, ಪರೀಕ್ಷಾ ಕೇಂದ್ರದ್ದು.

ಅವಳು ನಂಬರು ಒತ್ತಿದಳು. ಆಚೆಯವರು ಎತ್ತಿದರು. "ಒಂದು ನಿಮಿಷ, ಆಸ್ಪತ್ರೆಯಿಂದ ಮಾತಾಡ್ತಾರೆ," ಎಂದು ಅವರನ್ನು ಹೋಲ್ಡ್‌ಗೆ ಹಾಕಿ, ಅಧಿಕಾರಿಗೆ ತಿಳಿಸಿ, ಎರಡೂ ಲೈನು ಸೇರಿಸಿದಳು. ಬೋರ್ಡಿನಲ್ಲಿ ಕುಳಿತವರು ಬೇಕೆಂದರೆ ಯಾವ ಮಾತನ್ನಾದರೂ ಕೇಳಬಹುದು. ಒಂದು ಗುಂಡಿ ಒತ್ತಿದರೆ ಸಾಕು. ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ದೀಪವನ್ನಷ್ಟೇ ನೋಡಿದಳು. ದೀಪ ನಾಲ್ಕು ನಿಮಿಷ ಉರಿಯಿತು. ಆರಿತು. ತಕ್ಷಣ ಅದೇ ದೀಪ ಮತ್ತೆ ಹೊತ್ತಿತು.

"ಸಿಬ್ಬಂದಿ ವಿಭಾಗಕ್ಕೆ ಕೊಡಿ," ಎಂದರು ಆಡಳಿತಾಧಿಕಾರಿ. ಆಮೇಲೆ, "ಈಗ ಲೈನು ಕೊಟ್ಟದ್ದು ನೀವೇ ತಾನೆ? ನಿಮ್ಮ ವಿಷಯವೇ. ಸರಿಯಿದೆ ಅಂದ್ರು. ಆರ್ಡರ್ ಸಂಜೆ ತಗೊಳ್ಳಿ."

"ಕೊಡ್ತೀನಿ ಸರ್," ಎಂದು ಅವಳು ಸಿಬ್ಬಂದಿ ವಿಭಾಗಕ್ಕೆ ಲೈನು ಕೊಟ್ಟಳು. ಮೂರು ಕರೆಗಳು ಕಾಯುತ್ತಿದ್ದವು. ಅವುಗಳನ್ನು ದಾಟಿಸಿದ ಮೇಲೆ ಮನೆಗೆ ಫೋನು ಮಾಡಿದಳು. ಉಳಿದಿದ್ದ ಕೇಕಿನ ತುಂಡಿನ ಮೇಲೆ ಗಂಡ ಆ ಸಂಜೆ ಕ್ರೀಮಿನಲ್ಲಿ 'ಪಾಸ್' ಎಂದು ಬರೆದ. ಜಾಗ ಸಾಲದೆ ಕೊನೆಯ ಅಕ್ಷರ ಅಂಚಿನಿಂದ ಕೆಳಗಿಳಿಯಿತು.

ಒಂದನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ನೆಟ್‌ವರ್ಕ್ ವಿಭಾಗದಲ್ಲಿ ಅವಳ ಕೈಗೆ ಮೊದಲ ಕೆಲಸದ ಚೀಟಿ ಕೊಟ್ಟರು: ಹಳೆಯ ಟೆಲಿಫೋನ್ ಬೋರ್ಡಿನ ತಂತಿಗಳನ್ನು ಬಿಡಿಸುವುದು. ಹೊಸ ವ್ಯವಸ್ಥೆ ಮಧ್ಯರಾತ್ರಿಯಿಂದಲೇ ನಡೆಯುತ್ತಿತ್ತು. ಆದರೂ ಹಳೆಯ ನಂಬರಿಗೆ ಮಾಡುವವರಿಗಾಗಿ ಬೆಳಿಗ್ಗೆ ಹತ್ತರವರೆಗೆ ಬೋರ್ಡು ಇರಲೆಂದು ಹೇಳಿದ್ದರು. ಅವಳು ಕೆಂಪು ಹಿಡಿಯ ಇಕ್ಕಳ ಹಿಡಿದು ಮೇಲೆ ಹೋದಾಗ ದೊಡ್ಡಕ್ಕ ಕೊನೆಯ ಪಾಳಿಯಲ್ಲಿದ್ದರು. ಅವರ ಚೀಲ, ಕೊಡೆ, ಚಹಾದ ಲೋಟ ಬಾಗಿಲ ಬಳಿ ಸಿದ್ಧವಿದ್ದವು.

ಗೋಡೆಯ ಗಡಿಯಾರದಲ್ಲಿ ಹತ್ತಾಯಿತು. ಬೋರ್ಡಿನಲ್ಲಿ ಒಂದು ದೀಪ ಮಿನುಗುತ್ತಿತ್ತು.

"ನಾಲ್ಕನೇ ಲೈನು," ಎಂದರು ದೊಡ್ಡಕ್ಕ. "ಮಕ್ಕಳ ವಾರ್ಡು ಬೇಕಂತೆ. ಅಲ್ಲಿ ಎತ್ತುತ್ತಿಲ್ಲ."

"ಇನ್ನೂರ ಹದಿನಾಲ್ಕು ನೋಡಿ. ನರ್ಸುಗಳ ಕೋಣೆ."

ದೊಡ್ಡಕ್ಕ ಇನ್ನೂರ ಹದಿನಾಲ್ಕು ಒತ್ತಿದರು. ನಾಲ್ಕನೇ ರಿಂಗಿಗೆ ಯಾರೋ ಎತ್ತಿದರು. ಅವರು ಲೈನು ಕೊಟ್ಟು ಹೆಡ್‌ಫೋನ್ ತೆಗೆದರು. ಇಬ್ಬರೂ ನಿಂತು ಕಾದರು. ಹತ್ತು ಗಂಟೆ ಆರು ನಿಮಿಷಕ್ಕೆ ಮಾತು ಮುಗಿದು ದೀಪ ಆರಿತು. ಆಪರೇಟರ್ ಬೋರ್ಡಿನ ಹಿಂದೆ ಕುಳಿತು ಮೊದಲನೆಯ ತಂತಿ ಬಿಡಿಸಿದಳು.